ರುಜುವಾದ ಮೇಲೆ

ನಮ್ಮ ಹಿರಿಯರು ದಂಡೆಂದು ಕರೆಯುತ್ತಿದ್ದ ಬೆಂಗಳೂರಿನ ಕಂಟೋನ್ಮೆಂಟಿಗೆ ಗೋಡೆಯೇನೂ ಇರಲಿಲ್ಲ. ಆದರೂ 1881ರಿಂದ 1947ರವರೆಗೆ, ಹಲಸೂರಿನಲ್ಲಿ ಕಳವು ಮಾಡಿದವನು ಒಂದು ಸರ್ಕಾರದ ನ್ಯಾಯಸ್ಥಾನದ ಮುಂದೆಯೂ, ಕೆಲವೇ ಮೈಲಿ ಪೂರ್ವದ ಕೃಷ್ಣರಾಜಪುರದಲ್ಲಿ ಕಳವು ಮಾಡಿದವನು ಬೇರೊಂದು ಸರ್ಕಾರದ ನ್ಯಾಯಸ್ಥಾನದ ಮುಂದೆಯೂ ನಿಲ್ಲಬೇಕಾಗಿತ್ತು. 1881ರಲ್ಲಿ ಸಂಸ್ಥಾನವು ಒಡೆಯರಿಗೆ ಮರಳಿದಾಗ ಬ್ರಿಟಿಷರು ದಂಡನ್ನು ಮಾತ್ರ ತಮ್ಮ ಆಡಳಿತದಲ್ಲಿ ಉಳಿಸಿಕೊಂಡು, ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂದು ಹೆಸರಿಸಿದರು. ಸಂಸ್ಥಾನದ ಪ್ರಜೆಗೆ 1884ರಲ್ಲಿ ಏರ್ಪಟ್ಟ ಚೀಫ್ ಕೋರ್ಟು ಮೇಲಿನ ನ್ಯಾಯಸ್ಥಾನವಾಯಿತು; ಅದೇ 1930ರಲ್ಲಿ ಹೈಕೋರ್ಟೆನಿಸಿತು. ದಂಡಿನ ನಿವಾಸಿಗೆ ಹೈಕೋರ್ಟಿನ ಅಧಿಕಾರವು ರೆಸಿಡೆಂಟರ ಕೋರ್ಟಿನಲ್ಲಿತ್ತು.

ಸರ್ಕಾರಗಳು ಎರಡಾದರೂ, ಸಂಸ್ಥಾನದ ಕಾಯಿದೆಯೂ ಬ್ರಿಟಿಷ್ ಇಂಡಿಯಾದ ಮಾದರಿಯದೇ ಆದುದರಿಂದ, ಒಂದು ಕಟ್ಟು ಎರಡು ಕಡೆಯೂ ಒಂದೇ ಆಗಿತ್ತು. 1898ರ ಕ್ರಿಮಿನಲ್ ಪ್ರೊಸೀಜರ್ ಕೋಡಿನ 369ನೆಯ ಸೆಕ್ಷನ್ನಿನಂತೆ, ತೀರ್ಪಿಗೆ ರುಜು ಹಾಕಿದ ನ್ಯಾಯಸ್ಥಾನವು ಬರೆವಣಿಗೆಯ ಕೈತಪ್ಪನ್ನು ತಿದ್ದಬಹುದೇ ಹೊರತು ತೀರ್ಪನ್ನು ಬದಲಾಯಿಸುವಂತಿಲ್ಲ. ಮೂರು ತಿಂಗಳೆಂದು ನಿರ್ಣಯಿಸಿ ಹದಿಮೂರೆಂದು ಬರೆದಿದ್ದರೆ ತಿದ್ದಬಹುದು. ಹದಿಮೂರೆಂದೇ ನಿರ್ಣಯಿಸಿ, ಮನೆಗೆ ಹೋಗಿ ರಾತ್ರಿಯೆಲ್ಲ ಯೋಚಿಸಿ, ಮೂರೇ ಸಾಕಾಗಿತ್ತೆಂದು ಮನವರಿಕೆಯಾದ ನ್ಯಾಯಾಧೀಶನು ಮಾಡುವುದೇನೂ ಇಲ್ಲ.

ಇದರಲ್ಲೊಂದು ಸೋಜಿಗವುಂಟು. ಸಾಲದ ದಾವೆಯಲ್ಲಿ ಸೋತವನು, ತಕ್ಕ ಕಾರಣವಿದ್ದರೆ, ಅದೇ ಸಿವಿಲ್ ಕೋರ್ಟನ್ನು ಪುನಃಪರಿಶೀಲನೆಗಾಗಿ ಬೇಡಿಕೊಳ್ಳಬಹುದು. ಹಣಕ್ಕಿರುವ ಈ ಅನುಕೂಲವು ಸೆರೆಮನೆಗೆ ಹೋಗುವ ಮನುಷ್ಯನಿಗೆ ಏಕಿಲ್ಲ? ನಾವೂ ಮೊದಲು ಇದನ್ನು ಕ್ರೌರ್ಯವೆಂದೇ ಎಣಿಸಿದ್ದೆವು. ಆದರೆ ಈ ಕಟ್ಟು ಆರೋಪಿಯನ್ನು ಕಾಯುವುದೂ ಉಂಟು: ಬಿಡುಗಡೆಯಾದವನನ್ನು ಅದೇ ನ್ಯಾಯಾಧೀಶನು ಮರುದಿನ ಕರೆಸಿ ಅಪರಾಧಿಯೆನ್ನಲಾರನು, ಮೂರು ತಿಂಗಳನ್ನು ಹದಿಮೂರಕ್ಕೆ ಏರಿಸಲಾರನು. ದಂಡಿನಂತಹ ಚಿಕ್ಕ ಊರಿನಲ್ಲಿ, ಸಂಜೆ ಸೌತ್ ಪೆರೇಡಿನಲ್ಲಿ ಎದುರಾದ ದೊಡ್ಡ ಮನುಷ್ಯರ ಮಾತಿಗೆ ತೀರ್ಪು ಬದಲಾಗದಿರುವುದೂ ಸಣ್ಣ ಲಾಭವಲ್ಲ. ತಪ್ಪಿದ್ದರೆ ಅಪೀಲು, ಅಪೀಲು ತೀರಿದರೆ ಸರ್ಕಾರದ ಕ್ಷಮೆ, ಎಂಬುದು ಕಾಯಿದೆಯ ಎಣಿಕೆ. ದಂಡಿನಲ್ಲಿ ಈ ಎಣಿಕೆ ಕೊಂಚ ಕುಂಟುತ್ತಿತ್ತು. ಹೈಕೋರ್ಟಿನ ಅಧಿಕಾರವೂ ಆಡಳಿತದ ಮೇಲಧಿಕಾರವೂ ರೆಸಿಡೆಂಟರಲ್ಲಿಯೇ ಸೇರಿದ್ದುದರಿಂದ, ಎರಡು ಬಾಗಿಲುಗಳು ಒಂದೇ ಮನೆಗೆ ತೆರೆಯುತ್ತಿದ್ದುವು.

1947ರ ಜುಲೈ 26ರಂದು ದಂಡು ಸಂಸ್ಥಾನಕ್ಕೆ ಮರಳಿತು. 369ನೆಯ ಸೆಕ್ಷನ್ನು 1973ರ ಸಂಹಿತೆಯಲ್ಲಿ 362 ಆಗಿ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 403 ಆಗಿ ನಿಂತಿದೆ. ಹೈಕೋರ್ಟುಗಳು ತಮ್ಮ ಸಹಜಾಧಿಕಾರದಿಂದಲೂ ಈ ಕಟ್ಟನ್ನು ದಾಟಲಾಗದೆಂದು ಸುಪ್ರೀಂ ಕೋರ್ಟು ಒರಿಸ್ಸದ ಒಂದು ಮೊಕದ್ದಮೆಯಲ್ಲಿ ಹೇಳಿತು. ಸುಪ್ರೀಂ ಕೋರ್ಟಿಗಾದರೋ ಸಂವಿಧಾನದ 137ನೆಯ ವಿಧಿಯು ಪುನಃಪರಿಶೀಲನೆಯ ಅಧಿಕಾರ ಕೊಟ್ಟಿದೆ. ಮರಣದಂಡನೆಯ ಪ್ರಕರಣಗಳಲ್ಲಿ ಅಂತಹ ಅರ್ಜಿಯನ್ನು ತೆರೆದ ನ್ಯಾಯಾಲಯದಲ್ಲಿಯೇ ಕೇಳಬೇಕೆಂದು 2014ರಲ್ಲಿ ತೀರ್ಮಾನವಾಯಿತು.

ಶಿಕ್ಷೆಯೊಂದು ಬದಲಾಗಲು ಎಷ್ಟು ಮೇಲಕ್ಕೆ ಏರಬೇಕೆಂಬುದಕ್ಕೆ ಹಳೆಯ ದಂಡಿನ ನೆಲದ್ದೇ ಒಂದು ಮೊಕದ್ದಮೆಯಿದೆ. ರಿಚ್‌ಮಂಡ್ ರಸ್ತೆಯ ಮನೆಯಲ್ಲಿ ನಡೆದು 1994ರಲ್ಲಿ ಹೊರಬಿದ್ದ ಕೊಲೆಗಾಗಿ ಸ್ವಾಮಿ ಶ್ರದ್ಧಾನಂದನೆಂಬವನಿಗೆ 2005ರಲ್ಲಿ ಸೆಷನ್ಸ್ ಕೋರ್ಟು ಮರಣದಂಡನೆ ವಿಧಿಸಿತು, ಹೈಕೋರ್ಟು ಸ್ಥಿರಪಡಿಸಿತು. 2007ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಅಪರಾಧದಲ್ಲಿ ಒಮ್ಮತವಾಗಿ, ಶಿಕ್ಷೆಯಲ್ಲಿ ಭಿನ್ನರಾದರು. 2008ರಲ್ಲಿ ಮೂವರ ಪೀಠವು ಮರಣದಂಡನೆಯನ್ನು ತೆಗೆದು, ಬದುಕಿರುವವರೆಗೂ ಬಿಡುಗಡೆಯಿಲ್ಲದ ಸೆರೆಯನ್ನು ವಿಧಿಸಿತು. ಅಂತಹ ಶಿಕ್ಷೆಯನ್ನು ಹೈಕೋರ್ಟು, ಸುಪ್ರೀಂ ಕೋರ್ಟುಗಳು ಮಾತ್ರ ವಿಧಿಸಬಲ್ಲವೆಂದೂ, ರಾಷ್ಟ್ರಪತಿ ಮತ್ತು ರಾಜ್ಯಪಾಲರ ಕ್ಷಮಾಧಿಕಾರವನ್ನು ಅದು ಮುಟ್ಟದೆಂದೂ 2015ರಲ್ಲಿ ಸಂವಿಧಾನಪೀಠವು ಹೇಳಿತು.

ನಮ್ಮ ರಾಜ್ಯಪಾಲರಿಗೆ ಸಲ್ಲುವ ಕ್ಷಮೆಯ ಅರ್ಜಿಗಳು ಹೋಗುವುದು ರಾಜಭವನಕ್ಕೆ. ಮಾರ್ಕ್ ಕಬ್ಬನ್ ಕಟ್ಟಿಸಿದ ಆ ಮನೆಯೇ ಹಿಂದೆ ದಂಡಿನ ರೆಸಿಡೆನ್ಸಿಯಾಗಿತ್ತು.