ತೈಲ–ವಿದ್ಯುತ್ ಲೆಕ್ಕ: ಚಿನ್ನದ ಗಣಿ ಸೀಮೆಯ ಚರಿತ್ರೆ

ಇಂಧನ ತೈಲದ ಒಂದು ಪ್ರಮಾಣ ಎಷ್ಟು ಯೂನಿಟ್ ವಿದ್ಯುತ್ತಿಗೆ ಸಮ ಎಂದು ಕಂಡುಕೊಳ್ಳುವ ಲೆಕ್ಕ. ಇದಕ್ಕೆ ಉತ್ತರ ಎರಡು. ತೈಲದಲ್ಲಿರುವ ಶಾಖವನ್ನೆಲ್ಲ ಯೂನಿಟ್ಟಿನಲ್ಲಿ ಬರೆದರೆ ಸಿಗುವುದು ಒಂದು. ಅದನ್ನು ಉರಿಸಿ ತಂತಿಗೆ ಹರಿದಷ್ಟನ್ನು ಮಾತ್ರ ಎಣಿಸಿದರೆ ಸಿಗುವುದು ಇನ್ನೊಂದು. ಮೊದಲನೆಯದು ಎರಡನೆಯದರ ಎರಡರಿಂದ ಮೂರು ಪಟ್ಟು. ಯಾವುದನ್ನು ಹೇಳುತ್ತಿದ್ದೇವೆ ಎಂದು ತಿಳಿಸದ ಅಂಕಿಯನ್ನು ನಂಬುವಂತಿಲ್ಲ.

ಶಾಖವೂ ಕೆಲಸವೂ ಒಂದನ್ನೊಂದು ಅಳೆಯಬಲ್ಲವು ಎಂಬುದನ್ನು ಇಂಗ್ಲೆಂಡಿನ ಜೇಮ್ಸ್ ಜೂಲ್ 1840ರ ದಶಕದಲ್ಲಿ ಪ್ರಯೋಗಗಳಿಂದ ತೋರಿಸಿದ. ಒಂದು ಯೂನಿಟ್, ಅಂದರೆ ಕಿಲೋವಾಟ್-ಗಂಟೆ, 860 ಕಿಲೋಕ್ಯಾಲೊರಿಗೆ ಸಮ. ಒಂದು ಲೀಟರ್ ಫರ್ನೇಸ್ ಆಯಿಲ್‌ನಲ್ಲಿ ಸುಮಾರು 9,400 ಕಿಲೋಕ್ಯಾಲೊರಿ ಇರುವುದರಿಂದ ಶಾಖದ ಲೆಕ್ಕದಲ್ಲಿ ಅದು ಹತ್ತಿರ ಹತ್ತಿರ 11 ಯೂನಿಟ್. ರುಡಾಲ್ಫ್ ಡೀಸೆಲ್ 1897ರಲ್ಲಿ ಪರೀಕ್ಷೆಗೊಡ್ಡಿದ ಎಂಜಿನ್ ಇಂಧನದ ಶಾಖದಲ್ಲಿ ಕಾಲು ಭಾಗಕ್ಕಿಂತ ತುಸು ಹೆಚ್ಚನ್ನು ಕೆಲಸಕ್ಕೆ ತಿರುಗಿಸಿತು. ಇಂದಿನ ದೊಡ್ಡ ಡೀಸೆಲ್ ಸ್ಥಾವರಗಳು ಶೇ. 40ನ್ನು ದಾಟುತ್ತವೆ.

ಕೋಲಾರದ ಚಿನ್ನದ ಗಣಿಗಳಿಗೆ ಈ ಬಗೆಯ ಲೆಕ್ಕ ಮೊದಲು ಬಂದದ್ದು ತೈಲದಿಂದಲ್ಲ, ಸೌದೆ ಮತ್ತು ಕಲ್ಲಿದ್ದಲಿನಿಂದ. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ನಡೆಸುತ್ತಿದ್ದ ಗಣಿಗಳಲ್ಲಿ ಅದಿರು ಕುಟ್ಟುವುದು, ನೀರೆತ್ತುವುದು ಉಗಿಯಂತ್ರಗಳ ಕೆಲಸವಾಗಿತ್ತು. 1902ರ ಜೂನ್‌ನಲ್ಲಿ ಕಾವೇರಿಯ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 147 ಕಿ.ಮೀ. ತಂತಿಯಲ್ಲಿ ಗಣಿಗೆ ಬಂತು. ಮೈಸೂರು ಸರ್ಕಾರ ಅದನ್ನು ಯೂನಿಟ್ ಎಣಿಸಿ ಮಾರಲಿಲ್ಲ. ಒಂದು ಅಶ್ವಶಕ್ತಿಗೆ ವರ್ಷಕ್ಕೆ ಇಷ್ಟು ಎಂದು ದರ ಕಟ್ಟಿತು. ಉಗಿಯಂತ್ರದ ಅಶ್ವಶಕ್ತಿಗೆ ಎಷ್ಟು ಖರ್ಚು ಬೀಳುತ್ತದೆಂದು ಬಲ್ಲ ಗಣಿಯವರಿಗೆ ಹೋಲಿಸಿ ನೋಡಲು ಇದೇ ಸಲೀಸು. ವರ್ಷವಿಡೀ ಬಿಡುವಿಲ್ಲದೆ ದುಡಿಯುವ ಒಂದು ಅಶ್ವಶಕ್ತಿ ಎಂದರೆ 6,535 ಯೂನಿಟ್. ಅಷ್ಟನ್ನು ಇಂದಿನ ಒಳ್ಳೆಯ ಡೀಸೆಲ್ ಸ್ಥಾವರದಲ್ಲಿ ಹುಟ್ಟಿಸಲು ಸುಮಾರು 1.4 ಟನ್ ಫರ್ನೇಸ್ ಆಯಿಲ್ ಬೇಕು. ಕಾವೇರಿಯ ನೀರು ಗಣಿಗೆ ಉಳಿಸಿಕೊಟ್ಟದ್ದರ ಒಂದು ಅಂದಾಜು ಈ ಅಂಕಿಯಿಂದ ಸಿಗುತ್ತದೆ.

ಗಣಿಯ ಪಕ್ಕದಲ್ಲೇ ಇರುವ ಕ್ಯಾಸಂಬಳ್ಳಿ ಹೋಬಳಿಯ ಹೊಲಗಳಲ್ಲಿ ಲೆಕ್ಕ ಬೇರೆ ದಾರಿ ಹಿಡಿಯಿತು. ಕೋಲಾರ ಸೀಮೆಯಲ್ಲಿ ಎತ್ತು ಹೂಡಿ ಕಪಿಲೆಯಿಂದ ನೀರೆತ್ತುತ್ತಿದ್ದ ಬಾವಿಗಳಿಗೆ ಆಯಿಲ್ ಎಂಜಿನ್ ಬಂತು, ಆಮೇಲೆ ಕರೆಂಟ್ ಮೋಟಾರು. 5 ಎಚ್‌ಪಿ (ಅಶ್ವಶಕ್ತಿ) ಆಯಿಲ್ ಎಂಜಿನ್ ಪೂರ್ಣ ಹೊರೆಯಲ್ಲಿ ಗಂಟೆಗೆ ಸುಮಾರು ಒಂದೂಕಾಲು ಲೀಟರ್ ಡೀಸೆಲ್ ಕುಡಿಯುತ್ತದೆ. ಅದೇ ಕೆಲಸಕ್ಕೆ ಮೋಟಾರು ಎಳೆಯುವುದು ನಾಲ್ಕೂವರೆ ಯೂನಿಟ್‌ಗಿಂತ ತುಸು ಕಡಿಮೆ. ಅಂದರೆ ರೈತನ ಪಾಲಿಗೆ ಒಂದು ಲೀಟರ್ ಡೀಸೆಲ್ ಮೂರೂವರೆ ಯೂನಿಟ್ ಕರೆಂಟಿನ ಕೆಲಸ ಮಾಡುತ್ತದೆ. ಪುಸ್ತಕದಲ್ಲಿರುವ ಹತ್ತು ಯೂನಿಟ್‌ನದ್ದಲ್ಲ. ಈ ತಾಳೆ ಹೆಚ್ಚು ಕಾಲ ಉಪಯೋಗಕ್ಕೆ ಬರಲಿಲ್ಲ. ದಡದ ಮೇಲೆ ಕೂತ ಪಂಪು ಏಳೆಂಟು ಮೀಟರಿಗಿಂತ ಆಳದಿಂದ ನೀರನ್ನು ಹೀರಲಾರದು. ತೆರೆದ ಬಾವಿಗಳು ಬತ್ತಿ ಕೊಳವೆ ಬಾವಿ ನೂರಾರು ಅಡಿ ಇಳಿದ ಮೇಲೆ ಉಳಿದದ್ದು ಸಬ್‌ಮರ್ಸಿಬಲ್ ಮೋಟಾರು ಮಾತ್ರ. ಅಲ್ಲೂ ಹೆಚ್ಚಿನ ಪಂಪ್‌ಸೆಟ್‌ಗಳಿಗೆ ಮೀಟರಿಲ್ಲ. ಸರ್ಕಾರದ ಉಚಿತ ವಿದ್ಯುತ್ತಿಗೂ ಮಿತಿ ಹಾಕಿರುವುದು ಎಚ್‌ಪಿಯಲ್ಲೇ, 10ರವರೆಗೆ.

ತೈಲದಿಂದಲೇ ದೊಡ್ಡ ಮಟ್ಟದಲ್ಲಿ ವಿದ್ಯುತ್ ಮಾಡುವ ಕಾಲ ರಾಜ್ಯಕ್ಕೆ ಬಂದದ್ದು 1990ರ ದಶಕದಲ್ಲಿ. ವಿದ್ಯುತ್ ಕೊರತೆಯ ಆ ದಿನಗಳಲ್ಲಿ ಕರ್ನಾಟಕ ವಿದ್ಯುತ್ ಮಂಡಳಿ ಬೆಂಗಳೂರಿನ ಯಲಹಂಕದಲ್ಲಿ ಆರು ಎಂಜಿನ್‌ಗಳ, 100 ಮೆಗಾವಾಟ್ ಮೀರಿದ ಡೀಸೆಲ್ ಸ್ಥಾವರ ನಿಲ್ಲಿಸಿತು. ಇಂಥ ಸ್ಥಾವರದಲ್ಲಿ ಯೂನಿಟ್ಟಿಗೆ ಎಷ್ಟು ಗ್ರಾಂ ತೈಲ ಎಂಬುದೇ ದಿನದ ಲೆಕ್ಕ. 200 ಗ್ರಾಮಿನ ಆಸುಪಾಸು ಇದ್ದರೆ ಎಂಜಿನ್ ಚೆನ್ನಾಗಿದೆ ಎಂದರ್ಥ. ತೈಲದ ಬೆಲೆ ಏರಿದಾಗ ಇಂಥ ವಿದ್ಯುತ್ತು ಎಲ್ಲಕ್ಕಿಂತ ದುಬಾರಿಯಾಯಿತು. ಅದೇ ಆವರಣದಲ್ಲಿ ಮುಂದೆ ಅನಿಲ ಸ್ಥಾವರ ಎದ್ದಿತು.

ಶಾಖದ ಲೆಕ್ಕಕ್ಕೆ ಕಾನೂನಿನ ಬಲ ಬಂದದ್ದು 2001ರ ಇಂಧನ ಸಂರಕ್ಷಣಾ ಕಾಯ್ದೆಯ ನಂತರ. ಕಾರ್ಖಾನೆ ಬಳಸುವ ಕಲ್ಲಿದ್ದಲು, ತೈಲ, ವಿದ್ಯುತ್ತು ಎಲ್ಲವನ್ನೂ ‘ಟನ್ ತೈಲ ಸಮಾನ’ಕ್ಕೆ ಇಳಿಸಿ ಒಂದೇ ಮೊತ್ತ ಮಾಡುತ್ತಾರೆ. ಒಂದು ಟನ್ ತೈಲ ಸಮಾನ ಎಂದರೆ ಒಂದು ಕೋಟಿ ಕಿಲೋಕ್ಯಾಲೊರಿ, ಅಂದರೆ 11,630 ಯೂನಿಟ್. ಹೊರಗಿನಿಂದ ಕೊಂಡ ವಿದ್ಯುತ್ತನ್ನು ಇಲ್ಲಿ 860ರಿಂದಲೇ ಗುಣಿಸುವುದರಿಂದ, ಆ ಕರೆಂಟು ಹುಟ್ಟಿದ ಕಡೆ ಚಿಮಣಿಯಿಂದ ಹಾರಿಹೋದ ಶಾಖ ಕೊಂಡ ಕಾರ್ಖಾನೆಯ ಖಾತೆಗೆ ಬೀಳುವುದಿಲ್ಲ. ಸ್ವಂತ ಜನರೇಟರ್ ಓಡಿಸುವ ಕಾರ್ಖಾನೆಗಾದರೆ ಸುಟ್ಟ ತೈಲವೆಲ್ಲ ಲೆಕ್ಕಕ್ಕೆ ಬರುತ್ತದೆ.