ಹ್ಯಾಂಡಲ್ ಮತ್ತು ಮಣಿಕಟ್ಟು

ಊರಿನಲ್ಲಿ ಹಳೆಯ ಲಾರಿಗಳಿಗೆ ಹ್ಯಾಂಡಲ್ ಹಾಕಿ ತಿರುಗಿಸುತ್ತಿದ್ದುದನ್ನು ನಮ್ಮಲ್ಲಿ ಹಲವರು ಕಂಡಿದ್ದೇವೆ. ನಾವಿರುವ ಈ ಅಮೆರಿಕದ ಹಳೆಯ ಕಾರುಗಳ ಕಥೆಯೂ ಅದೇ. ಮಣಿಕಟ್ಟಿನಲ್ಲಿ ಹೆಬ್ಬೆರಳ ಕಡೆಯ ಮೂಳೆಯ ತುದಿ ಮುರಿದರೆ ನಾವು ವೈದ್ಯರು ಇಂದಿಗೂ ‘ಷೋಫರ್ಸ್ ಫ್ರ್ಯಾಕ್ಚರ್’, ಅಂದರೆ ಕಾರು ಚಾಲಕನ ಮುರಿತ, ಎನ್ನುತ್ತೇವೆ. ಆ ಹೆಸರು ಬಂದದ್ದು ಈ ಹ್ಯಾಂಡಲಿನಿಂದ.

1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರನ್ನು ಕೈಯಿಂದಲೇ ತಿರುಗಿಸಿ ಚಾಲೂ ಮಾಡಬೇಕಿತ್ತು. ಪಿಸ್ಟನ್ ಪೂರ್ತಿ ಮೇಲೇರುವ ಮೊದಲೇ ಕಿಡಿ ಹತ್ತಿದರೆ ಎಂಜಿನ್ ಹಿಂದಕ್ಕೆ ಒದೆಯುತ್ತದೆ. ಹ್ಯಾಂಡಲ್ ರಪ್ಪನೆ ಹಿಮ್ಮುಖವಾಗಿ ತಿರುಗುತ್ತದೆ. ಆದ್ದರಿಂದ ಸ್ಟೀರಿಂಗ್‌ನ ಎಡಗಡೆಯ ಲಿವರನ್ನು ಮೇಲಕ್ಕೆ ತಳ್ಳಿ, ಕಿಡಿ ತಡವಾಗುವಂತೆ ಮಾಡಿದ ಮೇಲೆಯೇ ಹ್ಯಾಂಡಲ್ ಮುಟ್ಟಬೇಕು. ಎಡಗೈಯಲ್ಲಿ ಹಿಡಿದು, ಹೆಬ್ಬೆರಳನ್ನು ಉಳಿದ ಬೆರಳುಗಳ ಜೊತೆಗೇ ಇಟ್ಟು, ಕೆಳಗಿನಿಂದ ಮೇಲಕ್ಕೆ ಎಳೆಯಬೇಕು.

ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಜನಸಾಮಾನ್ಯರ ಮಾಡೆಲ್ ಟಿಗೆ ಅದು ದೊರೆತದ್ದು 1919ರಲ್ಲಿ. ಅಲ್ಲಿಯವರೆಗೆ ಕೈಗಳು ಮುರಿಯುತ್ತಲೇ ಇದ್ದವು.

ಇಂಥ ಕಾರನ್ನು ದುರಸ್ತಿ ಮಾಡಿ ಓಡಿಸಬಯಸುವ ಮಿತ್ರರು ಬಣ್ಣ ಬಳಿಯುವ ಮೊದಲು ಲಿವರಿನಿಂದ ಟೈಮರ್‌ವರೆಗಿನ ಸರಳನ್ನು ಪರೀಕ್ಷಿಸಲಿ. ಅದು ತಪ್ಪಾಗಿ ಬಾಗಿದ್ದರೆ ಲಿವರ್ ಮೇಲಿದ್ದರೂ ಕಿಡಿ ಬೇಗ ಹತ್ತೀತು. ಕಾರಿಗೆ ಬಿಡಿಭಾಗ ಸಿಗುತ್ತದೆ; ಮಣಿಕಟ್ಟಿಗೆ ಸಿಗದು.