ಪೈಠಣದ ಮೈದಾನ, ಶ್ರೀನಾಥ್ ಭುಜ

ಈ ಸಲ ಪೈಠಣದ ಶಾತವಾಹನರ ಬಗ್ಗೆ ಮಾತಾಡ್ತೀನಿ ಅಂತ ಹೋದ ಸಂಚಿಕೆಯಲ್ಲಿ ಹೇಳಿದ್ದೆ. ಪುಣೆಯಿಂದ ಅಹಿಲ್ಯಾನಗರ, ಶೇವಗಾಂವ್ ದಾರಿ ಹಿಡಿದು ಕ್ಯಾಮೆರಾ ಸಮೇತ ಹೋಗಿಯೂ ಬಂದೆ. ಆದರೆ ಅಲ್ಲಿ ಸಂಜೆ ನೋಡಿದ ಒಂದು ಸಣ್ಣ ವಿಷಯ ತಲೆ ಬಿಟ್ಟು ಹೋಗ್ಲೇ ಇಲ್ಲ. ಹಾಗಾಗಿ ಈ ವಾರ ಕ್ರಿಕೆಟ್ ಇತಿಹಾಸ. ಶಾತವಾಹನರು ಎರಡು ಸಾವಿರ ವರ್ಷ ಕಾದಿದ್ದಾರೆ, ಇನ್ನೊಂದು ವಾರ ಕಾಯ್ತಾರೆ.

ಪೈಠಣ ಗೋದಾವರಿ ದಂಡೆಯ ಊರು. ಕವಿರಾಜಮಾರ್ಗ ಕನ್ನಡ ನಾಡಿನ ಉತ್ತರದ ಗಡಿ ಅಂತ ಹೇಳೋದು ಇದೇ ನದಿಯನ್ನ. ಆ ಲೆಕ್ಕದಲ್ಲಿ ನಾನು ಇನ್ನೂ ಮನೆ ಹೊಸಿಲಲ್ಲೇ ಇದ್ದೆ ಅನ್ನಿ. ಜಾಯಕವಾಡಿ ಅಣೆಕಟ್ಟು ನೋಡ್ಕೊಂಡು ವಾಪಸ್ ಬರುವಾಗ ಒಂದು ಖಾಲಿ ಜಾಗದಲ್ಲಿ ಹುಡುಗರು ಟೆನ್ನಿಸ್ ಬಾಲ್ ಮ್ಯಾಚ್ ಆಡ್ತಿದ್ರು. ಕಾರು ನಿಲ್ಲಿಸಿ ನಿಂತೆ. ಹದಿನೇಳು ಹದಿನೆಂಟರ ಒಬ್ಬ ಹುಡುಗ, ಉದ್ದಕ್ಕೆ ಒಣಕಲಾಗಿದ್ದಾನೆ, ಜೋರಾಗಿ ಹಾಕ್ತಿದ್ದ. ಪ್ರತಿ ಚೆಂಡು ಹಾಕಿದ ಮೇಲೂ ಎಡಗೈಯಿಂದ ಬಲಭುಜ ಹಿಡ್ಕೊಂಡು ವಾಪಸ್ ನಡೀತಿದ್ದ. ಓವರ್ ಮುಗಿದಾಗ ಸಾಕು ಅಂತ ಕೈ ಸನ್ನೆ ಮಾಡಿದ. ಕ್ಯಾಪ್ಟನ್ "ಏಕ್ ಓವರ್ ಭಾವು, ಫಕ್ತ ಏಕ್" ಅಂದ. ಸುತ್ತ ಕೂತಿದ್ದವರು ಚಪ್ಪಾಳೆ ಹೊಡೆದ್ರು. ನಾನೂ ಹೊಡೆದೆ. ಹುಡುಗ ಇನ್ನೊಂದು ಓವರ್ ಹಾಕಿದ, ಹತ್ತೊಂಬತ್ತು ರನ್ ಹೋಯ್ತು. ಈಗ ಅದೇ ಜನ "ಇವನಿಗ್ಯಾಕೆ ಕೊಟ್ರು" ಅಂತ ಶುರು ಮಾಡಿದ್ರು.

ಕಾರಲ್ಲಿ ಕೂತಾಗ ನನಗೆ 2003ರ ಮಾರ್ಚ್ 23 ನೆನಪಾಯ್ತು. ಜೋಹಾನ್ಸ್‌ಬರ್ಗ್, ವಿಶ್ವಕಪ್ ಫೈನಲ್. ಶ್ರೀನಾಥ್ 10 ಓವರ್, 87 ರನ್, ವಿಕೆಟ್ ಇಲ್ಲ. ಆಗ ನನಗೆ ಹದಿನಾಲ್ಕು ವರ್ಷ. ನಮ್ಮೂರು ಅರಸೀಕೆರೆ, ಅವರ ಹೆಸರಿನಲ್ಲಿರುವ ಜಾವಗಲ್ ನಮ್ಮ ತಾಲ್ಲೂಕಿನದೇ. ಅದರಿಂದಾನೋ ಏನೋ, ಆವತ್ತು ಟೀವಿ ಮುಂದೆ ಕೂತು ಅವರನ್ನ ಬೈದಷ್ಟು ನಾನು ಇನ್ಯಾರನ್ನೂ ಬೈದಿಲ್ಲ. "ಮುದುಕ, ಮನೇಲಿ ಇರೋದು ಬಿಟ್ಟು" ಅಂದಿದ್ದೆ. ನಮ್ಮ ಚಿಕ್ಕಪ್ಪ ಒಂದೇ ಮಾತು ಹೇಳಿದ್ರು: "ಆ ಭುಜ ಹೊಲಿದಿರೋದು ಕಣೋ, ಸುಮ್ನಿರು." ನಾನು ಸುಮ್ಮನಿರಲಿಲ್ಲ.

ಮುದುಕ ಅಂದವನಿಗೆ ಆಗ 33. ಟೆಸ್ಟ್ ಬಿಟ್ಟಾಗಿತ್ತು. ಗಂಗೂಲಿ ಒತ್ತಾಯ ಮಾಡಿ ವಿಶ್ವಕಪ್ಪಿಗೆ ಉಳಿಸಿಕೊಂಡಿದ್ರು. ಆ ಟೂರ್ನಿಯಲ್ಲಿ ಅವರು ತೆಗೆದದ್ದು 16 ವಿಕೆಟ್. ಫೈನಲ್ ಅವರ ಕೊನೆಯ ಅಂತರರಾಷ್ಟ್ರೀಯ ಪಂದ್ಯ ಆಯ್ತು.

ಈಗ ಆ ಭುಜದ ಕಥೆಗೆ ಬರ್ತೀನಿ. ಶ್ರೀನಾಥ್ ಮೊದಲ ಟೆಸ್ಟ್ ಆಡಿದ್ದು 1991ರಲ್ಲಿ ಬ್ರಿಸ್ಬೇನ್‌ನಲ್ಲಿ. ತವರಿನಲ್ಲಿ ಮೊದಲ ಟೆಸ್ಟ್ ಸಿಕ್ಕಿದ್ದು 1994ರಲ್ಲಿ. ನಡುವಿನ ಮೂರು ವರ್ಷ ಇಲ್ಲಿ ಸ್ಪಿನ್ ಪಿಚ್ಚು, ಇವರಿಗೆ ಬೆಂಚು. ಅವಕಾಶ ಸಿಕ್ಕ ಮೇಲೆ ಉಲ್ಟಾ ಆಯ್ತು, ಎಲ್ಲಾ ಭಾರ ಇವರ ಮೇಲೇ. 1996ರ ನವೆಂಬರ್‌ನಲ್ಲಿ ಅಹಮದಾಬಾದ್‌ನ ಸತ್ತ ಪಿಚ್ಚಿನಲ್ಲಿ ದಕ್ಷಿಣ ಆಫ್ರಿಕಾ 170 ಹೊಡೀಬೇಕಿತ್ತು, ಶ್ರೀನಾಥ್ 21ಕ್ಕೆ 6 ತೆಗೆದು 105ಕ್ಕೆ ಮುಗಿಸಿದ್ರು. ಅಲ್ಲಿಂದ ನೇರ ದಕ್ಷಿಣ ಆಫ್ರಿಕಾ ಪ್ರವಾಸ, ಒಂದು ದಿನದ ಪಂದ್ಯಗಳು ಬೇರೆ. 1997ರ ಮಾರ್ಚ್‌ನಲ್ಲಿ ವೆಸ್ಟ್ ಇಂಡೀಸ್‌ಗೆ ಹೋಗಿ ಒಂದೂ ಟೆಸ್ಟ್ ಆಡದೆ ವಾಪಸ್ ಬರಬೇಕಾಯ್ತು. ರೊಟೇಟರ್ ಕಫ್ ಹರಿದಿತ್ತು.

ರೊಟೇಟರ್ ಕಫ್ ಅಂದ್ರೆ ಭುಜದ ಗುಂಡು ಮೂಳೆಯನ್ನ ಅದರ ಬಟ್ಟಲಲ್ಲಿ ಹಿಡಿದಿಡುವ ನಾಲ್ಕು ಸಣ್ಣ ಸ್ನಾಯುಗಳು. ಕೈ ಬೀಸೋದು ಎದೆ ಬೆನ್ನಿನ ದೊಡ್ಡ ಸ್ನಾಯುಗಳ ಕೆಲಸ. ಚೆಂಡು ಬಿಟ್ಟ ಮೇಲೆ ಅಷ್ಟು ಜೋರಲ್ಲಿ ಬರ್ತಿರುವ ಕೈಗೆ ಬ್ರೇಕ್ ಹಾಕೋದು ಮಾತ್ರ ಈ ನಾಲ್ವರ ಪಾಲು. ಎಂಜಿನ್ ಲಾರಿಯದು, ಬ್ರೇಕ್ ಸ್ಕೂಟರಿನದು ಅಂದ್ಕೊಳ್ಳಿ. ದಿನಕ್ಕೆ ಇಪ್ಪತ್ತು ಓವರ್, ನೆಟ್ಸ್ ಬೇರೆ. ಸವೆಯೋದು ಬ್ರೇಕೇ.

ಅವರಿಲ್ಲದ ಆ ಪ್ರವಾಸದಲ್ಲಿ ಬಾರ್ಬಡೋಸ್‌ನಲ್ಲಿ ಏನಾಯ್ತು ಅಂತ ನಿಮ್ಮಲ್ಲಿ ವಯಸ್ಸಾದವರಿಗೆ ಗೊತ್ತು. 120 ಹೊಡೀಬೇಕಿತ್ತು, ನಾವು 81ಕ್ಕೆ ಆಲೌಟ್. ಬ್ಯಾಟಿಂಗ್ ಸೋಲು ಅದು. ವೆಂಕಟೇಶ್ ಪ್ರಸಾದ್ ಮೊದಲ ಇನ್ನಿಂಗ್ಸಲ್ಲಿ ಐದು, ಅಭಯ್ ಕುರುವಿಲ್ಲ ಎರಡನೇದರಲ್ಲಿ ಐದು ತೆಗೆದಿದ್ರು. ಆದ್ರೂ ಪೇಟೆಯಲ್ಲಿ ಕೇಳ್ತಿದ್ದ ಪ್ರಶ್ನೆ: ಶ್ರೀನಾಥ್ ಯಾಕೆ ಬಂದ?

ಶಸ್ತ್ರಚಿಕಿತ್ಸೆ ಆಯ್ತು. ಎಂಟು ತಿಂಗಳ ಮೇಲೆ, ನವೆಂಬರ್‌ನಲ್ಲಿ ಶ್ರೀಲಂಕಾ ವಿರುದ್ಧ ವಾಪಸ್ ಬಂದ್ರು. ನನಗೆ ನೆನಪಿರುವ ಶ್ರೀನಾಥ್ ಇವರೇ. ನಮ್ಮ ಮನೆಯ ಹಿರಿಯರು "ಮೊದಲಿನ ವೇಗ ಇಲ್ಲ" ಅಂತಲೇ ನೋಡ್ತಿದ್ರು, ನಾವು ಚಿಕ್ಕವರು ಅದನ್ನೇ ಕಲಿತು ಹೇಳ್ತಿದ್ವಿ. ಈಗ ಅಂಕಿ ನೋಡಿ. 67 ಟೆಸ್ಟ್, 236 ವಿಕೆಟ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಂದಿರೋದು ಭುಜ ಹೊಲಿದ ಮೇಲೆ. 1999ರ ಫೆಬ್ರವರಿಯಲ್ಲಿ ಕೋಲ್ಕತ್ತಾದಲ್ಲಿ ಪಾಕಿಸ್ತಾನದ ವಿರುದ್ಧ 46ಕ್ಕೆ 5, 86ಕ್ಕೆ 8, ಒಟ್ಟು 13 ವಿಕೆಟ್. ಅದೂ ಆ ಭುಜದ್ದೇ. ಪಂದ್ಯ ಸೋತ್ವಿ. ಗಲಾಟೆ ಆಗಿ ಜನರನ್ನೆಲ್ಲ ಹೊರಗೆ ಕಳಿಸಿ, ಕೊನೆಯ ವಿಕೆಟ್‌ಗಳು ಬಿದ್ದದ್ದು ಖಾಲಿ ಕ್ರೀಡಾಂಗಣದಲ್ಲಿ.

ನಾನು ಹೇಳೋಕೆ ಹೊರಟಿರೋದು ಇದನ್ನೇ. ಬೌಲರ್ ಗಾಯ ಮಾಡಿಕೊಂಡು ಕೂತ ದಿನ ನಾವು ಅವನ ಕಥೆ ಮುಗೀತು ಅಂತ ಫೈಲ್ ಮುಚ್ತೀವಿ. ದಾಖಲೆ ತೆಗೆದು ನೋಡಿದ್ರೆ ಎಷ್ಟೋ ಜನರ ದೊಡ್ಡ ಭಾಗ ಶುರುವಾಗೋದು ಅಲ್ಲಿಂದಲೇ.

ಕುಂಬ್ಳೆ ತಗೊಳ್ಳಿ. ಎಲ್ಲರ ಗೋಡೆ ಮೇಲಿರೋ ಫೋಟೋ 2002ರ ಆಂಟಿಗಾ. ಮರ್ವಿನ್ ಡಿಲ್ಲನ್ ಚೆಂಡಿಗೆ ದವಡೆ ಮುರಿದಿದೆ, ಮುಖದ ಸುತ್ತ ಬ್ಯಾಂಡೇಜು, ಆ ಸ್ಥಿತಿಯಲ್ಲಿ 14 ಓವರ್ ಹಾಕಿ ಲಾರಾನ ವಿಕೆಟ್ ತೆಗೆದ್ರು. ಕಣ್ಣಲ್ಲಿ ನೀರು ಬರುತ್ತೆ, ಒಪ್ತೀನಿ. ಆದರೆ ಅದರ ಹಿಂದಿನ ವರ್ಷ ಕುಂಬ್ಳೆ ಎಲ್ಲಿದ್ರು? 2001ರಲ್ಲಿ ಆಸ್ಟ್ರೇಲಿಯಾ ಬಂದು ಕೋಲ್ಕತ್ತಾದಲ್ಲಿ ಲಕ್ಷ್ಮಣ್-ದ್ರಾವಿಡ್ ಪವಾಡ ನಡೆದಾಗ ಅವರು ತಂಡದಲ್ಲೇ ಇಲ್ಲ. ಭುಜದ ಶಸ್ತ್ರಚಿಕಿತ್ಸೆ. ಆ ಸರಣಿಯಲ್ಲಿ ಹರ್ಭಜನ್ 32 ವಿಕೆಟ್ ತೆಗೆದು ಜಾಗ ಹಿಡಿದ್ರು. ನಮ್ಮ ಕಾಲೋನಿಯಲ್ಲಿ "ಕುಂಬ್ಳೆ ಕಥೆ ಆಯ್ತು" ಅಂತ ತೀರ್ಮಾನ ಆಗಿಹೋಗಿತ್ತು. ಅವರ 300ನೇ ವಿಕೆಟ್ ಬಂದದ್ದು ಅದೇ ವರ್ಷ ಡಿಸೆಂಬರ್‌ನಲ್ಲಿ, ಬೆಂಗಳೂರಲ್ಲಿ. ನಿಲ್ಲಿಸಿದ್ದು 619ಕ್ಕೆ. ಇಲ್ಲೂ ಅರ್ಧಕ್ಕಿಂತ ಹೆಚ್ಚು ಆಮೇಲಿನದು. ಆ 300 ಚಿಲ್ಲರೆ ವಿಕೆಟ್ ಕೊಟ್ಟದ್ದು ಬ್ಯಾಂಡೇಜಿನ 14 ಓವರ್ ಅಲ್ಲ, ಯಾರೂ ಫೋಟೋ ತೆಗೀದ, ಸುಮ್ಮನೆ ಕೂತ ತಿಂಗಳುಗಳು.

ಅಮೆರಿಕದಲ್ಲಿರುವ ನಮ್ಮವರಿಗೆ ಇದು ಹೊಸದಲ್ಲ. ಬೇಸ್‌ಬಾಲ್‌ನ ಪಿಚರ್‌ಗೆ ಮೊಣಕೈ ಒಳಗಿನ ಲಿಗಮೆಂಟ್ ಹರಿಯೋದು ಮಾಮೂಲು. 1974ರಲ್ಲಿ ಟಾಮಿ ಜಾನ್ ಅನ್ನೋ ಎಡಗೈ ಪಿಚರ್‌ಗೆ ಡಾಕ್ಟರ್ ಫ್ರಾಂಕ್ ಜೋಬ್ ಇನ್ನೊಂದು ಕೈಯ ಟೆಂಡನ್ ತೆಗೆದು ಅಲ್ಲಿ ಹೆಣೆದು ಕೂರಿಸಿದ್ರು. ಅಲ್ಲಿವರೆಗೆ ಆ ಗಾಯ ಅಂದ್ರೆ ಮನೆಗೆ ಹೋದ ಹಾಗೇ. ಜಾನ್ 1976ರಲ್ಲಿ ವಾಪಸ್ ಬಂದು 1989ರ ತನಕ ಆಡಿದ್ರು. ಒಟ್ಟು 288 ಗೆಲುವು, ಅದರಲ್ಲಿ 164 ಶಸ್ತ್ರಚಿಕಿತ್ಸೆ ಆದ ಮೇಲೆ. ಈಗ ಆ ಆಪರೇಷನ್‌ಗೆ ಅವರದೇ ಹೆಸರು. ಅಲ್ಲಿ ಎಷ್ಟು ಚೆಂಡು ಎಸೆದ ಅಂತ ಪರದೆ ಮೇಲೆ ಲೆಕ್ಕ ಓಡ್ತಿರುತ್ತೆ, ನೂರರ ಹತ್ತಿರ ಬಂದ್ರೆ ಚೆನ್ನಾಗಿ ಹಾಕ್ತಿದ್ರೂ ಇಳಿಸ್ತಾರೆ. ಮೊದಲ ಸಲ ನೋಡಿದಾಗ ನನಗೆ ಸಿಟ್ಟು ಬಂದಿತ್ತು, ಆಮೇಲೆ ಅರ್ಥ ಆಯ್ತು.

ನಮ್ಮಲ್ಲಿ ಇದರ ಅತ್ಯಂತ ಹಳೆಯ, ಅತ್ಯಂತ ವಿಚಿತ್ರ ಉದಾಹರಣೆ ಮೈಸೂರಿನವರು. ಬಿ.ಎಸ್. ಚಂದ್ರಶೇಖರ್. ಚಿಕ್ಕವಯಸ್ಸಲ್ಲಿ ಪೋಲಿಯೋ ಬಂದು ಬಲಗೈ ಸೊರಗಿತ್ತು. ಫೀಲ್ಡಿಂಗ್‌ನಲ್ಲಿ ಚೆಂಡು ಎಸೀತಿದ್ದದ್ದು ಎಡಗೈಯಲ್ಲಿ, ಬೌಲಿಂಗ್ ಮಾಡ್ತಿದ್ದದ್ದು ಆ ಸೊರಗಿದ ಬಲಗೈಯಲ್ಲೇ. 1964ರಲ್ಲಿ ಟೆಸ್ಟಿಗೆ ಬಂದ್ರು. 1967-68ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ಗಾಯವಾಗಿ ನಡುವೆಯೇ ವಾಪಸ್. ಊರಿಗೆ ಬಂದ ಮೇಲೆ ಸ್ಕೂಟರ್ ಅಪಘಾತ. ಮೂರೂವರೆ ವರ್ಷ ಒಂದೂ ಟೆಸ್ಟ್ ಇಲ್ಲ. ಮೂರೂವರೆ ವರ್ಷ! ಈಗ ಮೂರು ಪಂದ್ಯ ತಪ್ಪಿದ್ರೆ ನಾವು ಬದಲಿ ಹೆಸರು ಹುಡುಕ್ತೀವಿ.

1971ರ ಇಂಗ್ಲೆಂಡ್ ಪ್ರವಾಸಕ್ಕೆ ಅವರನ್ನ ಕರೆದೊಯ್ದರು. ಓವಲ್‌ನಲ್ಲಿ ಮೂರನೇ ಟೆಸ್ಟ್, ಇಂಗ್ಲೆಂಡಿನ ಎರಡನೇ ಇನ್ನಿಂಗ್ಸ್. ಲಖರ್ಸ್ಟ್ ಹೊಡೆದ ನೇರ ಡ್ರೈವ್ ಚಂದ್ರ ಬೆರಳು ಸವರಿ ಸ್ಟಂಪಿಗೆ ಬಡಿದು ಆ ಕಡೆ ನಿಂತಿದ್ದ ಜೇಮ್ಸನ್ ರನೌಟ್. ಎಡ್ರಿಚ್ ಶೂನ್ಯಕ್ಕೆ ಬೌಲ್ಡ್. ಅಲ್ಲಿಂದ ಸಾಲಾಗಿ ಬಿದ್ದು 101ಕ್ಕೆ ಆಲೌಟ್, ಚಂದ್ರ 38ಕ್ಕೆ 6. ನಾವು 173ರ ಗುರಿ ಮುಟ್ಟಿ ನಾಲ್ಕು ವಿಕೆಟ್‌ನಿಂದ ಗೆದ್ವಿ. ಇಂಗ್ಲೆಂಡ್ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವು, ಮೊದಲ ಸರಣಿ ಗೆಲುವು. ಗಣೇಶ ಚತುರ್ಥಿ ದಿನ ಅದು, ಮೈದಾನಕ್ಕೆ ಆನೆ ಬೇರೆ ತಂದಿದ್ರು ಅಭಿಮಾನಿಗಳು. ಚಂದ್ರ ಮುಗಿಸಿದ್ದು 58 ಟೆಸ್ಟ್, 242 ವಿಕೆಟ್‌ಗೆ. ಬ್ಯಾಟಿನಿಂದ 167 ರನ್. ವಿಕೆಟ್ಟಿಗಿಂತ ರನ್ ಕಡಿಮೆ!

ಎಲ್ಲರೂ ವಾಪಸ್ ಬರಲ್ಲ, ಅದನ್ನೂ ಹೇಳ್ಬೇಕು. ಪೈಠಣ ಇರೋ ಇದೇ ಮಹಾರಾಷ್ಟ್ರದ ಇನ್ನೊಂದು ತುದಿ ಸೊಲ್ಲಾಪುರ, ಕನ್ನಡ ಕಿವಿಗೆ ಬೀಳೋ ಊರು. ಅಲ್ಲಿ ಹುಟ್ಟಿದ ಸಲಿಲ್ ಅಂಕೋಲಾ (ಹೆಸರಲ್ಲಿ ನಮ್ಮ ಉತ್ತರ ಕನ್ನಡದ ಅಂಕೋಲೆಯೇ ಕೂತಿದೆ) ಮಹಾರಾಷ್ಟ್ರಕ್ಕೆ ಆಡಿ, 1989ರಲ್ಲಿ ಕರಾಚಿಯಲ್ಲಿ ಟೆಸ್ಟ್‌ಗೆ ಬಂದ್ರು. ಸಚಿನ್‌ಗೂ ಅದೇ ಮೊದಲ ಪಂದ್ಯ. ಸಲಿಲ್‌ಗೆ ಅದೇ ಕೊನೆಯ ಟೆಸ್ಟ್ ಕೂಡ. 20 ಒಂದು ದಿನದ ಪಂದ್ಯ ಆಡಿದ್ರು. ಮೊಣಕಾಲ ಕೆಳಗಿನ ಮೂಳೆಯಲ್ಲಿ ಗೆಡ್ಡೆ ಕಾಣಿಸಿಕೊಂಡು 28ಕ್ಕೆ ಕ್ರಿಕೆಟ್ ಮುಗೀತು. ನಮ್ಮ ಡೇವಿಡ್ ಜಾನ್ಸನ್‌ಗೆ ಸಿಕ್ಕಿದ್ದು 2 ಟೆಸ್ಟ್, ದೊಡ್ಡ ಗಣೇಶ್‌ಗೆ 4. ಗಣೇಶ್ ಪ್ರಥಮ ದರ್ಜೆಯಲ್ಲಿ 365 ವಿಕೆಟ್ ತೆಗೆದವರು. ನಾಲ್ಕು ಟೆಸ್ಟಲ್ಲಿ ಒಬ್ಬ ಬೌಲರ್ ಏನು ಅಂತ ಗೊತ್ತಾಗುತ್ತಾ? ನಮ್ಮ ಆಫೀಸಲ್ಲಿ ಹೊಸಬನಿಗೆ ಕೋಡ್ ಬೇಸ್ ಅರ್ಥ ಆಗೋಕೇ ಆರು ತಿಂಗಳು ಕೊಡ್ತೀವಿ.

ಇಷ್ಟೆಲ್ಲ ಓದಿಕೊಂಡ ನಾನು ಸುಧಾರಿಸಿದೀನಾ? 2025ರ ಜೂನ್, ಜುಲೈನಲ್ಲಿ ನಮ್ಮ ಕನ್ನಡ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಪ್ರಸಿದ್ಧ್ ಕೃಷ್ಣ ಬಗ್ಗೆ ಏನೇನು ಬರೆದಿದ್ದೆ ಅಂತ ಹಿಂದೆ ಹೋಗಿ ನೋಡಿದೆ. ನಾಚಿಕೆ ಆಯ್ತು. ಹೆಡಿಂಗ್ಲಿಯಲ್ಲಿ 20 ಓವರಿಗೆ 128 ರನ್, 3 ವಿಕೆಟ್. ಎಜ್‌ಬಾಸ್ಟನ್‌ನಲ್ಲಿ ಜೇಮೀ ಸ್ಮಿತ್ ಕೈಲಿ ಒಂದೇ ಓವರಿಗೆ 23. "ಇವನಿಗ್ಯಾಕೆ ಕೊಟ್ರು" ಅಂತಲೇ ಬರೆದಿದ್ದೆ, ಪೈಠಣದ ಜನ ಹೇಳಿದ ಅದೇ ಮಾತು.

ಆ ಹುಡುಗನ ಹಿಂದಿನ ಮೂರು ವರ್ಷ ನನಗೆ ನೆನಪಿರಲೇ ಇಲ್ಲ. 2022ರಲ್ಲಿ ಬೆನ್ನುಮೂಳೆಯ ಕೆಳಭಾಗದಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್. ವೇಗದ ಬೌಲರ್ ಮುಂಗಾಲು ಊರಿದಾಗ ದೇಹದ ತೂಕದ ಹಲವು ಪಟ್ಟು ಭಾರ ಮೇಲಕ್ಕೆ ಬರುತ್ತೆ, ಅದೇ ಕ್ಷಣ ಸೊಂಟ ಒಂದು ಕಡೆ, ಭುಜ ಇನ್ನೊಂದು ಕಡೆ ತಿರುಚುತ್ತೆ. ಮೂಳೆ ಸಣ್ಣಗೆ ಬಿರುಕು ಬಿಡುತ್ತೆ. ಅದಕ್ಕೆ ಮುಖ್ಯ ಔಷಧಿ ಚೆಂಡು ಮುಟ್ಟದೇ ಇರೋದು. 2023ರ ಐಪಿಎಲ್ ಪೂರ್ತಿ ಹೋಯ್ತು. ಆಗಸ್ಟ್‌ನಲ್ಲಿ ಐರ್ಲೆಂಡಿನಲ್ಲಿ ವಾಪಸ್, ಡಿಸೆಂಬರ್‌ನಲ್ಲಿ ಟೆಸ್ಟ್ ಪದಾರ್ಪಣೆ. 2024ರ ಫೆಬ್ರವರಿಯಲ್ಲಿ ತೊಡೆಯ ಟೆಂಡನ್ ಶಸ್ತ್ರಚಿಕಿತ್ಸೆ, ಇನ್ನೊಂದು ಐಪಿಎಲ್ ಹೋಯ್ತು. 2025ರ ಐಪಿಎಲ್‌ನಲ್ಲಿ 25 ವಿಕೆಟ್, ಪರ್ಪಲ್ ಕ್ಯಾಪ್. ಅದಾಗಿ ನೇರ ಇಂಗ್ಲೆಂಡ್. ಟಿ20ಯಲ್ಲಿ ನಾಲ್ಕು ಓವರ್ ಹಾಕ್ತಿದ್ದ ಮೈ ಏಕಾಏಕಿ ಇನ್ನಿಂಗ್ಸಿಗೆ ಇಪ್ಪತ್ತು ಹಾಕ್ಬೇಕು. ಲೆಂಗ್ತ್ ತಪ್ಪದೆ ಇನ್ನೇನಾಗುತ್ತೆ?

ಲಾರ್ಡ್ಸ್‌ನಲ್ಲಿ ಕೂರಿಸಿದ್ರು, ಮ್ಯಾಂಚೆಸ್ಟರ್‌ನಲ್ಲೂ ಕೂರಿಸಿದ್ರು. ಕೊನೆಯ ಟೆಸ್ಟಿಗೆ ವಾಪಸ್ ಕರೆದ್ರು. ಓವಲ್. ಚಂದ್ರ ಗೆಲ್ಲಿಸಿದ ಅದೇ ಓವಲ್. ಮೊದಲ ಇನ್ನಿಂಗ್ಸಲ್ಲಿ 62ಕ್ಕೆ 4, ಎರಡನೇದರಲ್ಲಿ 126ಕ್ಕೆ 4. ಸಿರಾಜ್ ಪಂದ್ಯದಲ್ಲಿ 9 ತೆಗೆದ್ರು, ಚಪ್ಪಾಳೆ ಅವರಿಗೆ ಹೋಯ್ತು, ಹೋಗಬೇಕಾದ್ದೇ. 6 ರನ್ನಿಂದ ಗೆದ್ವಿ. ಬೂಮ್ರಾಗೆ ಮೂರೇ ಟೆಸ್ಟ್ ಅಂತ ಮೊದಲೇ ಹೇಳಿದ್ದಕ್ಕೆ ಸರಣಿಯುದ್ದಕ್ಕೂ ಬೈದ್ವಲ್ಲ, ಭಾರತ ಗೆದ್ದ ಎರಡೂ ಟೆಸ್ಟಲ್ಲಿ ಅವರು ಆಡಿರಲೇ ಇಲ್ಲ. ಬೆನ್ನಿಗೆ 2023ರಲ್ಲಿ ಶಸ್ತ್ರಚಿಕಿತ್ಸೆ ಆದ ಬೌಲರ್ ಅವರು.

ಈ ಗಾಯಾಳುಗಳೆಲ್ಲ ಕೊನೆಗೆ ಬಂದು ಸೇರೋದು ನಮ್ಮ ಬೆಂಗಳೂರಿಗೇ. ಮೊದಲು ಚಿನ್ನಸ್ವಾಮಿಯ ಪಕ್ಕದ ಅಕಾಡೆಮಿ, 2024ರಿಂದ ದೇವನಹಳ್ಳಿ ಕಡೆಯ ಹೊಸ ಕೇಂದ್ರ. ಊರಿಗೆ ಬಂದು ವಿಮಾನ ಇಳಿಯುವಾಗ ಆ ಕಡೆ ಎಲ್ಲೋ ಯಾರೋ ಒಬ್ಬ ಬೌಲರ್ ಅರ್ಧ ರನ್‌ಅಪ್‌ನಲ್ಲಿ ಆರು ಚೆಂಡು ಹಾಕಿ, ನೋವಾಯ್ತಾ ಅಂತ ಫಿಸಿಯೋ ಕೇಳ್ತಿರ್ತಾರೆ.

ಪೈಠಣದ ಆ ಹುಡುಗನ ಹತ್ತಿರ ಯಾರೂ ಕೇಳಲಿಲ್ಲ. ಮ್ಯಾಚ್ ಮುಗಿದ ಮೇಲೆ ನಾನೇ ಹೋಗಿ ನನ್ನ ಹರಕು ಮರಾಠಿಯಲ್ಲಿ ಭುಜ ಎಷ್ಟು ದಿನದಿಂದ ನೋಯ್ತಿದೆ ಅಂತ ಕೇಳಿದೆ. ದೀಪಾವಳಿಯಿಂದ ಅಂದ. ಒಂದೆರಡು ತಿಂಗಳು ಬೌಲಿಂಗ್ ಬಿಡು, ಸಂಭಾಜಿನಗರದಲ್ಲಿ ಮೂಳೆ ಡಾಕ್ಟರ್‌ಗೆ ತೋರಿಸು ಅಂದೆ. ಬಿಟ್ಟರೆ ಟೀಮಲ್ಲಿ ಜಾಗ ಹೋಗುತ್ತೆ ಅಂದ. ಕುಂಬ್ಳೆ ಕಥೆ ಹೇಳಿದೆ. ಕುಂಬ್ಳೆ ಗೊತ್ತಿತ್ತು ಅವನಿಗೆ, ಬ್ಯಾಂಡೇಜ್ ಫೋಟೋ ನೋಡಿದ್ದನಂತೆ.

ಮುಂದಿನ ವಾರ ಶಾತವಾಹನರು, ಖಂಡಿತ.